ಮರು: ಊಟ ಆದಮೇಲೆ ನಿಂಬೆ ಗ್ರೀನ್ ಟೀ ಕೊಡಬಹುದಾ?
ಅಮ್ಮನಿಗೆ ರಕ್ತ ಕಡಿಮೆ, ಕಬ್ಬಿಣಾಂಶದ ಮಾತ್ರೆ ನಡೀತಿದೆ, ತೂಕವೂ ಇಳೀಬೇಕು ಅಂತ ಮೂಡಿಗೆರೆಯಿಂದ ಕೇಳಿದ್ದೀರಿ. ಊಟದ ಜೊತೆ, ಮಾತ್ರೆಯ ಜೊತೆ ಮಾತ್ರ ಬೇಡ. ಗ್ರೀನ್ ಟೀಯಲ್ಲಿರುವ ಕ್ಯಾಟೆಚಿನ್ ಎಂಬ ಒಗರಿನ ಅಂಶಗಳು ಸೊಪ್ಪು, ಕಾಳು, ರಾಗಿಯ ಕಬ್ಬಿಣವನ್ನು ಹಿಡಿದಿಟ್ಟು ಮೈಗೆ ಹತ್ತದ ಹಾಗೆ ಮಾಡುತ್ತವೆ. ಒಂದೆರಡು ಗಂಟೆ ಬಿಟ್ಟು ಕುಡಿಯಲಿ. ನಿಂಬೆಯ ಸಿ ವಿಟಮಿನ್ ಕಬ್ಬಿಣ ಹೀರೋದಕ್ಕೆ ಒಳ್ಳೆಯದೇ, ಆದರೆ ಟೀ ಬ್ಯಾಗಿನ ನಿಂಬೆ ಹೆಚ್ಚಿನ ಸಲ ಬರೀ ಪರಿಮಳ. ಹಣ್ಣನ್ನೇ ಸಾರಿಗೆ ಹಿಂಡಿ. ಮಲ್ಲಿಗೆ ಪರಿಮಳದ ಗ್ರೀನ್ ಟೀ ರುಚಿಗೆ, ಖಂಡಿತ ಚೆನ್ನಾಗಿರುತ್ತೆ. ಗ್ರೀನ್ ಟೀಯಿಂದ ತೂಕ ಇಳಿಯೋದು ಜಾಹೀರಾತಿನ ಮಾತು, ಇಳಿದರೂ ಅತ್ಯಲ್ಪ. ಕುದಿಯೋ ನೀರು ಹಾಕಿದರೆ ಕಹಿ. 80 ಡಿಗ್ರಿ ಆಸುಪಾಸಿನ ನೀರಲ್ಲಿ 2-3 ನಿಮಿಷ ಸಾಕು. ಹಾಂ, ನಮ್ಮ ಕಡೆ ಊಟ ಮುಗಿಯುತ್ತಿದ್ದಂತೆ ಕುಡಿಯೋ ಕಾಫಿಯೂ ಕಬ್ಬಿಣಕ್ಕೆ ಅಡ್ಡಿಯೇ, ಅದನ್ನೂ ಸ್ವಲ್ಪ ಮುಂದೂಡಿ.