ಪ್ಯಾಕೆಟ್ ಬದಲಿಸುವ ಮೊದಲು ಒಂದು ಗಿಡ ಅಗೆದು ನೋಡಿ

ಅಲಸಂದೆಗೆ ಎರಡು ವರ್ಷ ಜೀವಾಣು ಗೊಬ್ಬರ ಹಾಕಿದರೂ ಇಳುವರಿ ಏರಲಿಲ್ಲ, ಈಗ ಯಾವ ಕಂಪನಿಯದು ತರಲಿ ಅಂತ ಕೇಳಿದ್ದೀರಿ. ನಾನೂ ಇದನ್ನೇ ಕೇಳುತ್ತಾ ಅಂಗಡಿ ಅಂಗಡಿ ಅಲೆದವನು.

ಬೀಜಕ್ಕೆ ರೈಜೋಬಿಯಂ, ಅಂದರೆ ಬೇರಿನ ಗಂಟಿನೊಳಗೆ ನೆಲೆಸುವ ಬ್ಯಾಕ್ಟೀರಿಯಾದ ಗೊಬ್ಬರ, ಲೇಪಿಸಿ, ನೆರಳಲ್ಲೇ ಆರಿಸಿ, ಅದೇ ದಿನ ಬಿತ್ತಿದೆ. ಅಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಮನಸ್ಸು ತಡೆಯದೆ ಯೂರಿಯಾನೂ ಧಾರಾಳವಾಗಿ ಎರಚಿದೆ, ಎರಡೂ ಸೇರಿದರೆ ಜಾಸ್ತಿ ಬರುತ್ತದೆ ಅನ್ನೋ ಲೆಕ್ಕ. ಗಿಡ ಕಡುಹಸಿರಾಗಿ ಸೊಂಪಾಗಿ ಎದ್ದಿತು. ಕಾಯಿ ಮಾತ್ರ ಅಷ್ಟಕ್ಕಷ್ಟೆ. ಪ್ಯಾಕೆಟ್ಟನ್ನು ಬೈದು, ಮುಂದಿನ ವರ್ಷ ಬೇರೆಯದು ತಂದು, ಮತ್ತೆ ಅದೇ ಯೂರಿಯಾ ಹಾಕಿದೆ! ಹೂ ಬಿಡುವ ಹೊತ್ತಿಗೆ ಅನುಮಾನ ಬಂದು ಒಂದು ಗಿಡವನ್ನು ಮಣ್ಣುಸಮೇತ ಎತ್ತಿ ತೊಳೆದರೆ ಬೇರಲ್ಲಿ ನಾಲ್ಕೈದೇ ಗಂಟು, ಅವೂ ಸಾಸಿವೆ ಕಾಳಿನಷ್ಟು. ಉಗುರಲ್ಲಿ ಸೀಳಿದೆ. ಒಳಗೆ ಮಾಸಲು ಹಸಿರು. ಕೆಲಸ ಮಾಡುವ ಗಂಟು ಒಳಗೆ ನಸುಗೆಂಪಾಗಿರಬೇಕು. ನಮ್ಮ ರಕ್ತದ ಹಿಮೋಗ್ಲೋಬಿನ್‌ನ ದಾಯಾದಿಯೊಂದು ಅಲ್ಲಿರುತ್ತದೆ, ಆ ಬಣ್ಣ ಅದರದ್ದೇ.

ಗಂಟು ಸಾಕುವುದು ಗಿಡಕ್ಕೆ ಖರ್ಚಿನ ಬಾಬ್ತು ಸ್ವಾಮಿ. ಎಲೆಯಲ್ಲಿ ಮಾಡಿದ ಸಕ್ಕರೆಯನ್ನು ಕೆಳಗಿಳಿಸಿ ಬ್ಯಾಕ್ಟೀರಿಯಾಕ್ಕೆ ಉಣಿಸಬೇಕು, ಆಗ ಅದು ಗಾಳಿಯ ಸಾರಜನಕ ಹಿಡಿದುಕೊಡುತ್ತದೆ. ಯೂರಿಯಾದಿಂದ ಬೇರಿನ ಪಕ್ಕದಲ್ಲೇ ಸಾರಜನಕ ಪುಕ್ಕಟೆ ಬಿದ್ದಿದ್ದರೆ ಗಿಡಕ್ಕೇನು ಹುಚ್ಚೇ? ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ. ಆಳನ್ನು ಕೂಲಿಗೆ ಕರೆದು, ಅವನ ಕೈಯಿಂದ ಗುದ್ದಲಿ ನಾನೇ ಕಿತ್ತುಕೊಂಡ ಹಾಗಾಯಿತು.

ಅದಕ್ಕೇ ಹೇಳ್ತೀನಿ, ಬೇಜಾರಾಗಬೇಡಿ, ನಿಮ್ಮ ಪ್ರಶ್ನೆಯೇ ತಪ್ಪು. ಅಲಸಂದೆಗೆ ಒಗ್ಗುವ ರೈಜೋಬಿಯಂ ಸಾಮಾನ್ಯವಾಗಿ ಮಣ್ಣಲ್ಲಿ ಮೊದಲೇ ಇರುತ್ತದೆ. ಸೋಯಾ ಎಂದೂ ಬೆಳೆಯದ ಹೊಲಕ್ಕೆ ಸೋಯಾ ಬಿತ್ತುವಾಗ ಪ್ಯಾಕೆಟ್ ಬೇಕು, ಅದು ಬೇರೆ ಮಾತು. ರಂಜಕದ್ದೂ ಇದೇ ಕಥೆ, ಹೆಚ್ಚು ಸುರಿದರೆ, ಬೇರಿಗೆ ಅಂಟಿಕೊಂಡು ರಂಜಕ ತಂದುಕೊಡುವ ಮೈಕೋರೈಜಾ ಶಿಲೀಂಧ್ರವನ್ನು ಗಿಡವೇ ದೂರ ಇಡುತ್ತದೆ. ಒಂದು ಚಮಚ ಒಳ್ಳೆ ಮಣ್ಣಲ್ಲೇ ಕೋಟಿಗಟ್ಟಲೆ ಜೀವಿಗಳಿವೆ. ಅವಕ್ಕೇ ಊಟವಿಲ್ಲದ ಕಡೆ ಹೊಸಬರನ್ನು ತಂದು ಬಿಟ್ಟರೆ ಅವೂ ಉಪವಾಸವೇ, ಅಲ್ವಾ? ಕೊಯ್ಲಾದ ಮೇಲೆ ಕಸಕಡ್ಡಿ ಸುಡಬೇಡಿ, ನೆಲಕ್ಕೆ ಹೊದಿಸಿ, ಅದೇ ಅವುಗಳ ಊಟ. ಬಿತ್ತನೆಗೆ ಮುನ್ನಾದಿನ ಒಣ ಹುಲ್ಲನ್ನು ಉತ್ತು ಮುಚ್ಚಲೂಬೇಡಿ, ಅದನ್ನು ಕೊಳೆಸುವ ಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ಎಳೆದುಕೊಂಡು ಪೈರು ಹಳದಿಯಾಗುತ್ತದೆ.

ಸದ್ಯಕ್ಕೆ ಒಂದು ಗಿಡ ಎತ್ತಿ. ಸುಮ್ನೆ ಕೀಳಬೇಡಿ, ಗಂಟು ಮಣ್ಣಲ್ಲೇ ಕಳಚಿಕೊಳ್ಳುತ್ತವೆ, ಅಗೆದೇ ಎತ್ತಿ. ಸೀಳಿ ಬಣ್ಣ ಹೇಳಿ. ಯೂರಿಯಾ ಎಷ್ಟು ಹಾಕಿದ್ರಿ, ಅದನ್ನೂ.