ಎತ್ತರದ ಗುಡಿಸಲಲ್ಲ, ಘನ ಸದನ

ಮಾನ್ಯರೇ,

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಪೋಲಿಷ್ ಕಲಿಯುತ್ತಿರುವ ನೀವು ಅಲ್ಲಿನ ಸಂಸತ್ತಿನ ಭಾಷಣವೊಂದನ್ನು ನಿಘಂಟು ಹಿಡಿದು ಓದಲು ಕೂತಿರಿ, ಮೊದಲ ಸಾಲೇ ‘ಎತ್ತರದ ಗುಡಿಸಲೇ!’ ಎಂದಾಯಿತು. ಇದೇನು ಎಂಬುದು ಒಂದು. ಒಬ್ಬ ಸದಸ್ಯ ಎದ್ದು ‘ಒಪ್ಪುವುದಿಲ್ಲ’ ಎಂದು ಕೂಗಿದರೆ ಮುಗಿದುಹೋಗುತ್ತಿದ್ದ ಸಂಸತ್ತಿನಲ್ಲಿ ಭಾಷಣಕ್ಕೆ ಯಾವ ಬೆಲೆ ಎಂಬುದು ಇನ್ನೊಂದು. ಎರಡನೆಯದನ್ನೇ ಮೊದಲು ಎತ್ತಿಕೊಳ್ಳುತ್ತೇವೆ, ಏಕೆಂದರೆ ಆ ಕೂಗಿನ ಚಿತ್ರವೇ ದಾರಿ ತಪ್ಪಿಸುತ್ತದೆ.

1652ರ ಸೇಯ್ಮ್, ಅಂದರೆ ಪೋಲೆಂಡಿನ ಸಂಸತ್ತು, ಮುರಿದದ್ದು ಗುಡುಗಿನಂಥ ಕೂಗಿನಿಂದಲ್ಲ. ಸಾಮಾನ್ಯ ಅಧಿವೇಶನಕ್ಕೆ ಆಗ ಆರು ವಾರಗಳ ಮಿತಿ. ಅದನ್ನು ವಿಸ್ತರಿಸುವ ಮಾತು ಬಂದಾಗ, ಆಗ ಪೋಲೆಂಡಿನೊಡನೆ ಒಂದೇ ರಾಜ್ಯವಾಗಿದ್ದ ಲಿಥುವೇನಿಯಾದ ಉಪಿತಾ ಕ್ಷೇತ್ರದ ವ್ವಾದಿಸ್ವಾಫ್ ಶಿಚಿನ್ಸ್ಕಿ ಆಕ್ಷೇಪಿಸಿ, ವಾರ್ಸಾ ಬಿಟ್ಟೇ ಹೊರಟುಹೋದ. ಒಪ್ಪದವರು ಹಿಂದೆಯೂ ಇದ್ದರು. ಒಮ್ಮತವೇ ನಿಯಮವಾಗಿದ್ದ ಸಭೆಯಲ್ಲಿ ಭಾಷಣದ ಕೆಲಸವೇ ಕೊನೆಯ ಆ ಒಬ್ಬನನ್ನು ಒಲಿಸುವುದು. ಬೇಡಿಕೊಳ್ಳುತ್ತಿದ್ದರು, ಗದರುತ್ತಿದ್ದರು, ರಾತ್ರಿಯವರೆಗೂ ಕೂರುತ್ತಿದ್ದರು. ಶಿಚಿನ್ಸ್ಕಿ ಎದುರಿಗೇ ಇಲ್ಲದ ಮೇಲೆ ಒಲಿಸುವುದು ಯಾರನ್ನು? ಅಧ್ಯಕ್ಷ ಪೀಠದಲ್ಲಿದ್ದ ಫ್ರೆದ್ರೊ ಆ ಆಕ್ಷೇಪ ಊರ್ಜಿತ ಎಂದುಬಿಟ್ಟರು. ಒಂದು ಅಧಿವೇಶನದ ಶಾಸನಗಳೆಲ್ಲ ಒಂದೇ ಕಟ್ಟು ಎಂದು ಲೆಕ್ಕವಾಗಿದ್ದರಿಂದ ಆರು ವಾರಗಳ ದುಡಿಮೆಯೆಲ್ಲ ಬಿದ್ದುಹೋಯಿತು. ರೋಗ ಬಲಿತದ್ದು ಆಮೇಲೆ. 1669ರಲ್ಲಿ ಅವಧಿ ಮುಗಿಯುವ ಮೊದಲೇ ಸೇಯ್ಮ್ ಮುರಿಯಿತು, 1688ರಲ್ಲಿ ಅಧ್ಯಕ್ಷರ ಆಯ್ಕೆಗೂ ಮುಂಚೆಯೇ. 1717ರಲ್ಲಿ ಇದಕ್ಕೆ ಹೆದರಿ, ಒಂದೇ ದಿನದಲ್ಲಿ ಯಾರಿಗೂ ಮಾತಾಡಲು ಬಿಡದೆ ಕಲಾಪ ಮುಗಿಸಿದರು. ಚರಿತ್ರೆಯಲ್ಲಿ ಅದರ ಹೆಸರೇ ‘ಮೂಕ ಸೇಯ್ಮ್’. ಬಹುಮತದಿಂದ ತೀರ್ಮಾನಿಸಲು ಅವಕಾಶವಿದ್ದ ಒಕ್ಕೂಟ ಪದ್ಧತಿಯಲ್ಲಿ ಸೇರಿದ್ದರಿಂದಲೇ 1788ರಿಂದ 1792ರವರೆಗಿನ ನಾಲ್ಕು ವರ್ಷಗಳ ಸೇಯ್ಮ್ ಉಳಿಯಿತು. 1791ರ ಮೇ 3ರ ಸಂವಿಧಾನ ಒಬ್ಬನ ತಡೆಯ ಹಕ್ಕನ್ನು ತೆಗೆದುಹಾಕಿತು.

ಹಾಗಾಗಿ ನಮ್ಮ ಮಾತು ಇಷ್ಟೇ: ಜನರ ಬಾಯಲ್ಲಿ ಉಳಿದ ಸಾಲನ್ನು ನಂಬಬೇಡಿ, ಕಡತವನ್ನು ಓದಿ. ಪ್ಯೋತ್ರ್ ಸ್ಕಾರ್ಗಾ ಎಂಬ ಆಸ್ಥಾನದ ಪಾದ್ರಿಯ ಎಂಟು ‘ಸೇಯ್ಮ್ ಪ್ರವಚನಗಳು’ 1597ರಲ್ಲಿ ಅಚ್ಚಾದವು. ಅಚ್ಚಿನಲ್ಲಿರುವ ರೂಪದಲ್ಲಿ ಅವನ್ನು ಸೇಯ್ಮ್ ಎದುರು ಹೇಳಿದ್ದೇ ಇಲ್ಲ. ಆದರೂ ಅವರು ದೇಶದ ಪತನವನ್ನು ಮೊದಲೇ ಸಾರಿದ ಪ್ರವಾದಿ ಎಂಬ ಕಲ್ಪನೆ ಹತ್ತೊಂಬತ್ತನೇ ಶತಮಾನದಲ್ಲಿ ಬೇರೂರಿತು.

ಇದಕ್ಕಿಂತ ಹತ್ತಿರದ ಉದಾಹರಣೆ 1989ರದು. ಕಮ್ಯುನಿಸ್ಟರ ಆಳ್ವಿಕೆ ಮುಗಿಯುತ್ತಿದ್ದ ಹೊತ್ತು, ಆಗಸ್ಟ್ 24ರಂದು ತಾದೆಉಶ್ ಮಜೊವ್ಯೆತ್ಸ್ಕಿ 378 ಮತಗಳಿಂದ ಪ್ರಧಾನಿಯಾದರು. ವಿರುದ್ಧ ಬಿದ್ದದ್ದು 4, ತಟಸ್ಥರು 41. ಅಂದಿನ ಭಾಷಣದಿಂದ ‘ಗ್ರುಬಾ ಕ್ರೆಸ್ಕಾ’, ಅಂದರೆ ದಪ್ಪ ಗೀಟು, ಎಂಬ ಮಾತು ಹುಟ್ಟಿತು. ಕಮ್ಯುನಿಸ್ಟರ ತಪ್ಪುಗಳ ಮೇಲೆ ಗೀಟೆಳೆದು ಕ್ಷಮಿಸಿಬಿಟ್ಟರು ಎಂದು ಇಂದಿಗೂ ಆರೋಪಿಸುತ್ತಾರೆ. ಅಂದಿನ ಕಲಾಪದ ಅಕ್ಷರಶಃ ವರದಿಯನ್ನು ಬಿಡಿಸಿ ನೋಡಿ. ಅಲ್ಲಿರುವುದು ಕ್ರೆಸ್ಕಾ ಅಲ್ಲ, ‘ಲಿನ್ಯಾ’, ಗೆರೆ. ಅದಕ್ಕಿಂತ ಸ್ವಲ್ಪ ಮೊದಲು ಬರುವ ‘ಹಿಪೊತೆಕಾ’ ಎಂಬ ಪದದ ಮೇಲೆ ಬೆರಳಿಡಿ. ಅದು ಅಡಮಾನ, ಸಾಲದ ಹೊರೆ. ತಾನು ರಚಿಸುವ ಸರ್ಕಾರ ಪಿತ್ರಾರ್ಜಿತವಾಗಿ ಬಂದ ಈ ಅಡಮಾನಕ್ಕೆ ಹೊಣೆಯಲ್ಲ, ಆದರೆ ಅದರ ಪರಿಣಾಮ ತಪ್ಪದು ಎನ್ನುತ್ತಾರೆ. ಆಮೇಲೆ, ಹಿಂದಿನದರ ಕೆಳಗೆ ದಪ್ಪ ಗೆರೆ ಎಳೆಯುತ್ತೇವೆ ಎಂಬ ಮಾತು. ಅದರ ಬೆನ್ನಿಗೇ, ದೇಶವನ್ನು ಈಗಿನ ಕುಸಿತದಿಂದ ಮೇಲೆತ್ತಲು ನಾವು ಮಾಡಿದ್ದಕ್ಕೆ ಮಾತ್ರ ಉತ್ತರ ಕೊಡುತ್ತೇವೆ ಎಂಬ ವಾಕ್ಯ. ಹೊಸ ಯಜಮಾನ ಲೆಕ್ಕದ ಪುಸ್ತಕದಲ್ಲಿ ಹಳೆಯ ಬಾಕಿಯ ಕೆಳಗೆ ಗೆರೆ ಎಳೆಯುವ ಹಾಗೆ. ಈ ವಾಕ್ಯಗಳನ್ನು ಕೂಡಿಸಿ ಓದಿದವರಿಗೆ ಕ್ಷಮಾದಾನದ ಅರ್ಥ ಹೊಳೆಯಲಾರದು.

ಇನ್ನು ನಿಮ್ಮ ಗುಡಿಸಲು. ‘ಪಾನ್ಯೆ ಮಾರ್ಶಾವ್ಕು! ವಿಸೋಕಾ ಇಜ್ಬೊ!’ ಎಂದೇ ಭಾಷಣ ಶುರುವಾಗುತ್ತದೆ. ಇಜ್ಬಾ ಎಂದರೆ ಹಳ್ಳಿಯ ಒಂಟಿ ಕೋಣೆಯ ಮನೆಯೂ ಹೌದು, ಸದನವೂ ಹೌದು. ಕೊನೆಯ ಒಕಾರ ನಮ್ಮ ಸಂಬೋಧನಾ ವಿಭಕ್ತಿಯ ಏಕಾರದಂತೆ. ‘ಮಾನ್ಯ ಅಧ್ಯಕ್ಷರೇ, ಘನ ಸದನವೇ’ ಎನ್ನಿ, ಸರಿಹೋಗುತ್ತದೆ. ಕಮ್ಯುನಿಸ್ಟರ ಕಾಲದಲ್ಲಿ ‘ಪಾನ್ಯೆ’ ಜಾಗದಲ್ಲಿ ‘ನಾಗರಿಕ’ ಎಂಬ ಸಂಬೋಧನೆ ಬಂತು. ವರದಿ ಯಾವ ಕಾಲದ್ದೆಂದು ಮೊದಲ ಸಾಲಿನಲ್ಲೇ ಅಂದಾಜಿಸಬಹುದು.

ಮಾರ್ಶಾವೆಕ್ ಅಂದರೆ ಸೇನಾಧಿಕಾರಿಯಲ್ಲ, ಸಭಾಧ್ಯಕ್ಷ. ಅವರ ದಂಡಕ್ಕೆ ‘ಲಾಸ್ಕಾ’ ಎನ್ನುತ್ತಾರೆ. ಅದನ್ನು ಮೂರು ಸಲ ನೆಲಕ್ಕೆ ಕುಟ್ಟಿ ಕಲಾಪ ಆರಂಭಿಸುತ್ತಾರೆ. ಮಸೂದೆ ‘ಲಾಸ್ಕಾಗೆ ಬಂತು’ ಎಂದಿದ್ದರೆ ಅಧ್ಯಕ್ಷರಿಗೆ ಸಲ್ಲಿಕೆಯಾಯಿತು ಎಂದರ್ಥ. ‘ದ್ರುಕ್’ ಎಂಬುದು ಮುದ್ರಣವಲ್ಲ, ಸದನದ ದಾಖಲೆ. ಅದರ ಸಂಖ್ಯೆ ಗುರುತು ಹಾಕಿಕೊಳ್ಳಿ, ಮಸೂದೆ ಹುಡುಕಲು ಅದೇ ಬೇಕು. ‘ಕ್ಲುಬ್’ ಎಂದರೆ ಕನಿಷ್ಠ 15 ಸದಸ್ಯರ ಪಕ್ಷದ ಗುಂಪು, ‘ಕೊವೊ’ ಎಂದರೆ ಕನಿಷ್ಠ 3 ಜನರದು. ನಿಘಂಟು ಇದಕ್ಕೆ ಚಕ್ರ ಎನ್ನುತ್ತದೆ.

ಕನ್ನಡಿಗರಿಗೆ ಇಲ್ಲೊಂದು ಅನುಕೂಲವಿದೆ. ಪೋಲಿಷಿನಲ್ಲಿ ಮರ್ಯಾದೆ ಕೊಡುವಾಗ ಎದುರಿಗಿರುವವರನ್ನೂ ‘ಸಚಿವರಿಗೆ ಇದು ಗೊತ್ತಿದೆಯೇ?’ ಎಂದೇ ಕೇಳುವುದು. ನಮ್ಮ ಸದನದ ಮಾತಿನ ಧಾಟಿಯೂ ಅದೇ. ಇಂಗ್ಲಿಷಿನ ಮೂಲಕ ಅನುವಾದಿಸಿದರೆ ಈ ಅಂತರ ಕಳೆದುಹೋಗುತ್ತದೆ, ನೇರವಾಗಿ ಮಾಡಿ. ಎಚ್ಚರ ಬೇಕಾದದ್ದು -ನೊ, -ತೊ ಎಂದು ಕೊನೆಯಾಗುವ ಭೂತಕಾಲದ ಕ್ರಿಯಾಪದಗಳಲ್ಲಿ. ‘ತೀರ್ಮಾನಿಸಲಾಯಿತು’ ಎಂಬಂತೆ ಕಂಡರೂ ಅದಕ್ಕೆ ‘ಸರ್ಕಾರದಿಂದ’ ಎಂದು ಕರ್ತೃವನ್ನು ಸೇರಿಸಲು ವ್ಯಾಕರಣ ಬಿಡುವುದಿಲ್ಲ. ಮಾಡಿದ್ದು ಮನುಷ್ಯರೇ ಎಂದು ತಿಳಿಯುತ್ತದೆ, ಯಾರು ಎಂಬುದಿಲ್ಲ. ಅನುವಾದದಲ್ಲಿ ನೀವಾಗಿ ಕರ್ತೃವನ್ನು ತುಂಬಿದರೆ ಭಾಷಣಕಾರ ಹೇಳದೆ ಬಿಟ್ಟದ್ದನ್ನು ಹೇಳಿಸಿದಂತಾಗುತ್ತದೆ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ.

ಕಂಸದೊಳಗಿನ ಪುಟ್ಟ ಪದಗಳನ್ನು ಹಾರಿಸಬೇಡಿ. ‘ಓಕ್ಲಾಸ್ಕಿ’ ಚಪ್ಪಾಳೆ, ‘ಗ್ವೋಸ್ ಸ್ ಸಾಲಿ’ ಆಸನಗಳ ಕಡೆಯಿಂದ ಬಂದ ಕೂಗು, ‘ಜ್ವೋನೆಕ್’ ಗಂಟೆ. ಕೊಟ್ಟ ಸಮಯ ಮೀರುತ್ತಾ ಬಂದಾಗ ಗಂಟೆ ಬಾರಿಸುತ್ತಾರೆ. ಆಮೇಲಿನ ವಾಕ್ಯಗಳು ತುಂಡಾಗಿದ್ದರೆ ಕಾರಣ ಅದೇ, ನಿಮ್ಮ ಪೋಲಿಷ್ ಅಲ್ಲ.

ಓದುವ ಕ್ರಮ: ಒಂದು ಬೈಠಕ್ಕು, ಅದರಲ್ಲಿ ಒಂದೇ ವಿಷಯ. ಮೊದಲು ಸಮಿತಿಯ ವರದಿ ಮಂಡಿಸುವ ಸದಸ್ಯರ ಮಾತು, ನಂತರ ಕ್ಲುಬ್‌ಗಳ ನಿಲುವು, ಪ್ರಶ್ನೆಗಳು, ಸಚಿವರ ಉತ್ತರ. ಮತದಾನ ಹೆಚ್ಚಾಗಿ ಬೇರೆ ಹೊತ್ತಿನಲ್ಲಿ ನಡೆಯುವುದರಿಂದ ಅದನ್ನು ಮುಂದಿನ ಪುಟಗಳಲ್ಲಿ ಹುಡುಕಬೇಕು. ಹುಡುಕಿಯೇ ತೀರಿ. 1976ರ ಫೆಬ್ರುವರಿ 10ರಂದು ಕಮ್ಯುನಿಸ್ಟ್ ಪಕ್ಷದ ಮುಂದಾಳುತನವನ್ನೂ ಸೋವಿಯತ್ ಸ್ನೇಹವನ್ನೂ ಸಂವಿಧಾನಕ್ಕೆ ಸೇರಿಸುವ ತಿದ್ದುಪಡಿಗೆ ಸದನವೆಲ್ಲ ಕೈ ಎತ್ತಿತು. ತಟಸ್ಥರು ಒಬ್ಬರೇ, ಸ್ತಾನಿಸ್ವಾಫ್ ಸ್ತೊಮ್ಮಾ. ಮುಂದಿನ ಚುನಾವಣೆಯ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ.

— ಸಂಪಾದಕ