ಫಾರಿನ್ ಟ್ರಿಪ್‌ಗೆ ಮುಂಚೆ ಮೂರು ಸಿನಿಮಾ ಸಾಕು

ಬೇಸಿಗೆ ರಜೆ ಹತ್ತಿರ ಬಂತೆಂದರೆ ಈ ಅಂಕಣಕ್ಕೆ ಒಂದೇ ನಮೂನೆಯ ಪತ್ರಗಳು: ಮಕ್ಕಳನ್ನು ಕಟ್ಟಿಕೊಂಡು ಹೊರದೇಶಕ್ಕೆ ಹೊರಟಿದ್ದೇವೆ, ಅದಕ್ಕೆ ಮೊದಲು ಯಾವ ಸಿನಿಮಾ ತೋರಿಸಬೇಕು? ಜೊತೆಗೆ ವಾಟ್ಸ್‌ಆ್ಯಪ್‌ನಲ್ಲಿ ಬಂದ ಪಟ್ಟಿಯೂ ಇರುತ್ತದೆ. ಪಟ್ಟಿ ಮಾಡಿದವರು ಅದರಲ್ಲಿನ ಅರ್ಧ ಸಿನಿಮಾ ನೋಡಿಲ್ಲ ಎಂಬುದು ಓದಿದ ಕೂಡಲೇ ತಿಳಿಯುತ್ತದೆ. ಈ ವಾರ ಇದನ್ನೇ ಮುಗಿಸಿಬಿಡೋಣ.

ಮೇ ಎರಡನೇ ವಾರ ಲಂಡನ್, ಪ್ಯಾರಿಸ್, ಸ್ವಿಟ್ಜರ್ಲೆಂಡ್‌ಗೆ ಹೊಂಟೀವ್ರಿ. ಮಗಳಿಗಿ ಒಂಬತ್ತು, ಮಗನಿಗಿ ಐದು. ಮುತ್ಯಾ, ಆಯಿನೂ ಜೋಡಿ ಬರ್ತಾರ. ಟೂರ್‌ನವರು ಇಪ್ಪತ್ತು ಸಿನಿಮಾದ ಪಟ್ಟಿ ಕೊಟ್ಟಾರ. ಎಲ್ಲಾ ತೋರಿಸಬೇಕೇನ್ರಿ? ಮಕ್ಕಳಿಗಿ ಇಂಗ್ಲಿಷ್ ಅಷ್ಟಕ್ಕಷ್ಟೇ. — ಕಲಬುರಗಿ

ಆ ಪಟ್ಟಿ ಹರಿದುಹಾಕಿ. ಟೂರ್‌ನವರು ಕೊಟ್ಟ ಇನ್ನೊಂದು ಕಾಗದ, ದಿನವಹಿ ಕಾರ್ಯಕ್ರಮ, ಅದನ್ನು ತೆಗೆಯಿರಿ. ಬಸ್ಸಿಳಿದು ಒಂದು ಗಂಟೆಯಾದರೂ ಓಡಾಡುವ ಜಾಗಗಳಿಗೆ ಮಾತ್ರ ಗೆರೆ ಎಳೆಯಿರಿ. 'ಪನೋರಮಿಕ್ ಟೂರ್' ಎಂದು ಬರೆದಿದ್ದರೆ ಕಿಟಕಿಯಿಂದ ತೋರಿಸಿ ಮುಂದೆ ಹೋಗುತ್ತಾರೆ ಎಂದರ್ಥ. ಅಂಥ ಜಾಗದ ಸಿನಿಮಾ ತೋರಿಸಿದಿರೋ, ಇಲ್ಲೇ ಇಳಿಯಬೇಕೆಂದು ಮಗ ಬಸ್ಸಿನಲ್ಲಿ ರಚ್ಚೆ ಹಿಡಿಯುತ್ತಾನೆ.

ಲಂಡನ್‌ಗೆ 'ಪ್ಯಾಡಿಂಗ್ಟನ್' (2014), 95 ನಿಮಿಷ. ಬೇರೆ ದೇಶದಿಂದ ಬಂದ ಕರಡಿ ಮರಿಯೊಂದು ಆ ಊರಿನ ರೀತಿ ತಿಳಿಯದೆ ಒದ್ದಾಡುವ ಕಥೆ, ನಿಮ್ಮ ಮಕ್ಕಳ ಸ್ಥಿತಿಯೂ ಅದೇ. ಅಲ್ಲಿನ ಸುರಂಗ ರೈಲಿನ ಎಸ್ಕಲೇಟರ್‌ನಲ್ಲಿ ನಿಲ್ಲುವವರು ಬಲಕ್ಕೆ ನಿಂತು, ಎಡಗಡೆಯನ್ನು ಅವಸರದವರಿಗೆ ಬಿಡಬೇಕು. ಕರಡಿ ಆ ಫಲಕವನ್ನು ತಪ್ಪಾಗಿ ತಿಳಿದು ಬಲಗಾಲೊಂದರ ಮೇಲೆ ನಿಲ್ಲುತ್ತದೆ. ಅಲ್ಲಿ ಸಿನಿಮಾ ನಿಲ್ಲಿಸಿ ನಿಯಮ ಒಮ್ಮೆ ಹೇಳಿ, ಸಾಕು. ನಕ್ಕ ಮಗು ಅದನ್ನು ಮರೆಯುವುದಿಲ್ಲ.

ಎಚ್ಚರ ಬೇಕಾದ ಜಾಗ ಎರಡು. ಆರಂಭದ ಭೂಕಂಪದಲ್ಲಿ ಕರಡಿಯ ಮಾವ ಸಾಯುತ್ತಾನೆ. ಆಮೇಲೆ ಒಬ್ಬ ಹೆಂಗಸು ಆ ಮರಿಯನ್ನು ಕೊಂದು, ಒಳಗೆ ಹೊಟ್ಟು ತುಂಬಿಸಿ ಗೊಂಬೆಯಂತೆ ನಿಲ್ಲಿಸಲು ಹೊಂಚು ಹಾಕುತ್ತಾಳೆ, ಅದೂ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ. ಆ ಮ್ಯೂಸಿಯಂ ನಿಮ್ಮ ಕಾರ್ಯಕ್ರಮದಲ್ಲಿದ್ದರೆ ಐದು ವರ್ಷದವನು ಬಾಗಿಲಲ್ಲೇ ಅಳಬಹುದು. ಅಲ್ಲಿ 2017ರಿಂದ 25 ಮೀಟರ್ ಉದ್ದದ ನೀಲಿ ತಿಮಿಂಗಿಲದ ಅಸ್ಥಿಪಂಜರ ತೂಗುತ್ತಿದೆ. 'ನಾವು ಹೋಗುವುದು ಅದನ್ನು ನೋಡಲಿಕ್ಕೆ' ಎಂದು ಊರಲ್ಲೇ ಹೇಳಿಡಿ. ಇನ್ನೊಂದು, ಸಿನಿಮಾದ ಕೊನೆಯಲ್ಲಿ ಹಿಮ ಬೀಳುತ್ತದೆ, ಮೇ ತಿಂಗಳ ಲಂಡನ್‌ನಲ್ಲಿ ಮಳೆ ಬೀಳುತ್ತದೆ. ಪ್ಯಾಡಿಂಗ್ಟನ್ ನಿಲ್ದಾಣದ ಒಂದನೇ ಪ್ಲಾಟ್‌ಫಾರ್ಮ್‌ನಲ್ಲಿ ಕರಡಿಯ ಕಂಚಿನ ಪ್ರತಿಮೆ ಇದೆ. ಬಸ್ಸು ಅತ್ತ ಹೋಗದಿದ್ದರೆ ಅದರ ಮಾತೇ ಎತ್ತಬೇಡಿ.

ಪ್ಯಾರಿಸ್‌ಗೆ, ಚಿಕ್ಕವನ ಸಲುವಾಗಿ, 'ದಿ ರೆಡ್ ಬಲೂನ್' (1956). ಬರೀ 34 ನಿಮಿಷ, ಮಾತು ಇಲ್ಲವೆನ್ನುವಷ್ಟು ಕಡಿಮೆ. ಇಂಗ್ಲಿಷ್ ಬಾರದ ಆಯಿಯೂ ಮೊಮ್ಮಗನೂ ಒಂದೇ ಸಮ ನೋಡಬಹುದಾದ ಸಿನಿಮಾ ಇದೊಂದೇ. ಪುಂಡ ಹುಡುಗರು ಕವಣೆಯಿಂದ ಬಲೂನು ಒಡೆಯುವಾಗ ಮಗು ಅಳುತ್ತದೆ. ಅಲ್ಲಿ ಬಂದ್ ಮಾಡಬೇಡಿ, ಸಮಾಧಾನ ಮುಂದಿನ ಎರಡು ನಿಮಿಷದಲ್ಲಿದೆ. ಚಿತ್ರೀಕರಣವಾದ ಮೆನಿಲ್ಮೊಂತಾ ಬಡಾವಣೆಯ ಬಹುಪಾಲು 1960ರ ದಶಕದಲ್ಲೇ ಕೆಡವಿದ್ದಾರೆ, ಹುಡುಕಿಕೊಂಡು ಹೋಗಬೇಡಿ.

ದೊಡ್ಡವಳಿಗೆ 'ರಾಟಾಟೂಯಿ' (2007), 111 ನಿಮಿಷ, ಪ್ಯಾರಿಸ್‌ನಲ್ಲಿ ಅಡುಗೆ ಮಾಡುವ ಇಲಿಯ ಕಥೆ. ಸತ್ತ ಇಲಿಗಳನ್ನು ತೂಗುಹಾಕಿದ ಅಂಗಡಿಯೊಂದು ಬರುತ್ತದೆ. ಅದು ನಿಜವಾಗಿಯೂ ಇರುವ ಅಂಗಡಿ. ಸಿನಿಮಾದ ಹೆಸರು ಒಂದು ಫ್ರೆಂಚ್ ಅಡುಗೆಯದು, ಮನೆಯಲ್ಲೇ ಮಾಡಿ ನೋಡಿ, ಶುದ್ಧ ಸಸ್ಯಾಹಾರ: ಬದನೆಕಾಯಿ, ಟೊಮೇಟೊ, ದಪ್ಪ ಮೆಣಸಿನಕಾಯಿ, ಜುಕೀನಿ. ಜುಕೀನಿ ಸಿಗದಿದ್ದರೆ ಎಳೆ ಹೀರೆಕಾಯಿ ಹಾಕಿ. ತೆಳ್ಳಗೆ ಬಿಲ್ಲೆ ಹೆಚ್ಚಿ, ಟೊಮೇಟೊ ಗೊಜ್ಜಿನ ಮೇಲೆ ಸಾಲಾಗಿ ಜೋಡಿಸಿ, ಎಣ್ಣೆ ಉಪ್ಪು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ 40 ನಿಮಿಷ. ಖಾರ ಹಾಕಬೇಡಿ. 'ಸಪ್ಪಗದ' ಎಂದು ಮಕ್ಕಳು ಮುಖ ತಿರುವುತ್ತಾರೆ. ಶೇಂಗಾ ಹಿಂಡಿ ಎಷ್ಟು ಕಟ್ಟಿಕೊಳ್ಳಬೇಕೆಂಬ ಲೆಕ್ಕ ನಿಮಗೆ ಅಲ್ಲೇ ಸಿಗುತ್ತದೆ.

ಸ್ವಿಟ್ಜರ್ಲೆಂಡ್‌ಗೆ ಸಿನಿಮಾ ಬೇಡ. ಎಲ್ಲ ಪಟ್ಟಿಯಲ್ಲೂ ಇರುವ, ಹೈಡಿ ಎಂಬ ಬೆಟ್ಟದ ಹುಡುಗಿಯ ಕಥೆ ನಡೆಯುವುದು ಪೂರ್ವ ಭಾಗದ ಮಾಯೆನ್‌ಫೆಲ್ಡ್‌ನಲ್ಲಿ. ನಿಮ್ಮಂಥ ಟೂರ್ ಬಸ್ಸುಗಳು ಸಾಮಾನ್ಯವಾಗಿ ಹೋಗುವುದು ಲುಸರ್ನ್, ಟಿಟ್ಲಿಸ್, ಇಂಟರ್‌ಲಾಕನ್ ಕಡೆ. ಇನ್ನು 'ದಿಲ್‌ವಾಲೆ ದುಲ್ಹನಿಯಾ' ಮೂರು ಗಂಟೆಗೂ ಮಿಕ್ಕಿದ್ದು. ಅದು ಅಪ್ಪ-ಅವ್ವನ ಆಸೆ, ಮಕ್ಕಳ ಹೆಸರಲ್ಲಿ ತೀರಿಸಿಕೊಳ್ಳಬೇಡಿ.

ಈಗ ಕ್ರಮ. ಮೊದಲು ನೀವೊಬ್ಬರೇ ಪೂರ್ತಿ ನೋಡಿ, ಹೆದರಿಸುವ ದೃಶ್ಯ ಎಷ್ಟನೇ ನಿಮಿಷಕ್ಕೆ ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ಇದನ್ನು ಯಾರೂ ಮಾಡುವುದಿಲ್ಲ, ಆಮೇಲೆ ಮಗು ರಾತ್ರಿ ಬೆಚ್ಚುತ್ತದೆ ಎಂದು ನನಗೆ ಬರೆಯುತ್ತಾರೆ. ವಾರಕ್ಕೊಂದು, ಮಧ್ಯಾಹ್ನ ಮೂರರ ಮೇಲೆ; ನಮ್ಮ ಬಿಸಿಲಿಗೆ ಆ ಹೊತ್ತು ಹೊರಗಂತೂ ಬಿಡುವುದಿಲ್ಲ. ಐದು ವರ್ಷದವನಿಗೆ 95 ನಿಮಿಷ ಎರಡು ಕಂತು, ಆದರೆ ಭಯದ ದೃಶ್ಯ ಮುಗಿದು ನಗು ಬಂದ ಮೇಲೆಯೇ ನಿಲ್ಲಿಸಿ. ಕರೆಂಟ್ ನಂಬಬೇಡಿ, ಫೋನಿಗೋ ಟ್ಯಾಬ್‌ಗೋ ಹಿಂದಿನ ದಿನವೇ ಇಳಿಸಿಕೊಳ್ಳಿ. ಹಿಂದಿ ಧ್ವನಿ ಇದೆಯೇ ಎಂದೂ ಆಗಲೇ ನೋಡಿ. ಮೊದಲ ಸಲ ಹಿಂದಿಯಲ್ಲಿ ಪೂರ್ತಿ, ಮಾರನೇ ದಿನ ಇಷ್ಟವಾದ ಹತ್ತು ನಿಮಿಷ ಮಾತ್ರ ಇಂಗ್ಲಿಷ್‌ನಲ್ಲಿ. ಕೆಳಗೆ ಓಡುವ ಅಕ್ಷರ ಓದಲು ಐದು ವರ್ಷದವನಿಗೆ ಆಗದು. ಹೊರಡುವ ದಿನಕ್ಕೆ ಐದು ದಿನ ಮುಂಚೆ ಎಲ್ಲ ಮುಗಿದಿರಲಿ. ಕೊನೆಯ ರಾತ್ರಿ ಸಿನಿಮಾ ಹಾಕಿದರೆ ನಿದ್ದೆಗೆಟ್ಟ ಮಕ್ಕಳೊಂದಿಗೆ ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣದವರೆಗೆ ನಾಲ್ಕೈದು ಗಂಟೆ ಕಾರಿನಲ್ಲಿ ಕೂರಬೇಕು, ನಿಮ್ಮ ಹಣೆಬರಹ.

'ಏನು ಕಲಿತೆ?' ಎಂದು ಮಾತ್ರ ದಯವಿಟ್ಟು ಕೇಳಬೇಡಿ. ಸಿನಿಮಾದಲ್ಲಿ ಕಂಡ ಒಂದು ವಸ್ತುವಿನ ಚಿತ್ರ ಬರೆಯಲು ಹೇಳಿ. ಅಲ್ಲಿ ಹೋದಾಗ ಅದನ್ನು ಹುಡುಕುವುದು ಅವರ ಕೆಲಸ.

ಕಾರ್ಟೂನ್ ಇದ್ದು, ಯು ಸರ್ಟಿಫಿಕೇಟ್ ಇದ್ದರ ಕಣ್ಣು ಮುಚ್ಚಿ ಹಾಕಿಕೊಡಬಹುದಲ್ರಿ? — ಬೀದರ್

ಬಾರದು. 'ಯು' ಎಂದರೆ ಯಾರಿಗೂ ನಿರ್ಬಂಧವಿಲ್ಲ ಎಂದಷ್ಟೇ, ಮಕ್ಕಳಿಗಾಗಿ ಮಾಡಿದ್ದು ಎಂದಲ್ಲ. ಅಪ್ಪ-ಅವ್ವ ವಿಚಾರ ಮಾಡಿ ತೋರಿಸಬೇಕಾದ ಸಿನಿಮಾಕ್ಕೆ ಸೆನ್ಸಾರ್ ಮಂಡಳಿ ಕೊಡುವ 'ಯುಎ' ದರ್ಜೆಯನ್ನು 2024ರಲ್ಲಿ ವಯಸ್ಸಿಗೆ ತಕ್ಕಂತೆ 7+, 13+, 16+ ಎಂದು ಒಡೆದಿದ್ದಾರೆ. ಸಿನಿಮಾ ತೋರಿಸುವ ಆ್ಯಪ್‌ಗಳು 2021ರ ನಿಯಮದಂತೆ ತಮ್ಮ ಗುರುತು ತಾವೇ ಹಾಕಿಕೊಳ್ಳುತ್ತವೆ. ಹಾಗಾಗಿ ಎರಡೂ ಕಡೆ ಒಂದೇ ಗುರುತು ಇರಬೇಕೆಂದಿಲ್ಲ. ಕಾರ್ಟೂನ್ ಎಂಬ ಭ್ರಮೆಗೆ ಮದ್ದು ಬೇಕೇ? ಜಪಾನಿನ 'ಗ್ರೇವ್ ಆಫ್ ದಿ ಫೈರ್‌ಫ್ಲೈಸ್' (1988) ಕೂಡ ಕಾರ್ಟೂನೇ, ಯುದ್ಧದಲ್ಲಿ ಅಣ್ಣ-ತಂಗಿ ಹಸಿವಿನಿಂದ ಸಾಯುವ ಕಥೆ. ಟೋಕಿಯೊಗೆ ಹೊರಟವರು ಅದೇ ವರ್ಷದ 'ಮೈ ನೇಬರ್ ಟೊಟೊರೊ' ತೋರಿಸಿ, 86 ನಿಮಿಷ.

ನಮ್ಮ ಕಡಿ ಒಬ್ಬರು 21 ದಿನದ ಕೋರ್ಸ್ ನಡಸ್ತಾರ, ದಿನಕ್ಕೊಂದು ಸಿನಿಮಾ. ಮಕ್ಕಳಿಗಿ ಬ್ರಿಟಿಷರಂಗ ಮಾತಾಡಲಿಕ್ಕಿ ಬರ್ತದಂತ, ಖರೇನಾ? — ಕಲಬುರಗಿ

ಸುಳ್ಳು. ಪರದೆ ನೋಡಿ ಉಚ್ಚಾರ ಬರುವುದಾದರೆ ಶಾಲೆಗಳಿಗೆ ಬೀಗ ಹಾಕಬಹುದಿತ್ತು. 21 ದಿನಕ್ಕೆ 21 ಸಿನಿಮಾ ನೋಡಿದ ಮಗುವಿಗೆ ಬರುವುದು ಕಣ್ಣುರಿ. ರೊಕ್ಕ ಉಳಿಸಿ, ಒಳ್ಳೆಯ ಬೂಟು ಕೊಡಿಸಿ.

ಸಿಂಗಪುರಕ್ಕ ಹೊಂಟೀವಿ. ಕನ್ನಡ ಸಿನಿಮಾನೇ ಬೇಕು. — ಯಾದಗಿರಿ

'ಸಿಂಗಪೂರಿನಲ್ಲಿ ರಾಜಾ ಕುಳ್ಳ' (1978). ಮುತ್ಯಾನ ಪಕ್ಕ ಕೂತು ನಗಲಿಕ್ಕೆ ಚೆನ್ನ, ಊರಿನ ಗುರುತಿಗೆ ಉಪಯೋಗವಿಲ್ಲ. ಇವತ್ತು ಎಲ್ಲರೂ ಫೋಟೊ ತೆಗೆಸಿಕೊಳ್ಳುವ ಮರೀನಾ ಬೇ ಸ್ಯಾಂಡ್ಸ್ ತೆರೆದದ್ದೇ 2010ರಲ್ಲಿ.

ದುಬೈಗಿ? — ಶಹಾಪುರ

ಹುಡುಕಬೇಡಿ. 828 ಮೀಟರಿನ ಬುರ್ಜ್ ಖಲೀಫಾದ ಗಾಜಿನ ಮೇಲೆ ನಾಯಕ ಹತ್ತುವ ಸಿನಿಮಾವನ್ನಂತೂ ಕಿಡಿಗೇಡಿ ಹುಡುಗರಿಗೆ ತೋರಿಸಲೇಬೇಡಿ.

'ಹೋಮ್ ಅಲೋನ್' ತೋರಿಸಲೇನ್ರಿ? ಅದರಾಗೂ ಪ್ಯಾರಿಸ್ ಪ್ರವಾಸ ಅದ. — ಬಸವಕಲ್ಯಾಣ

ಪ್ರವಾಸಕ್ಕೆ ಹೊರಟ ಮನೆಯವರು ಹುಡುಗನನ್ನೇ ಮರೆತುಹೋಗುವ ಕಥೆ ಅದು. ವಾಪಸ್ ಬಂದ ಮೇಲೆ ತೋರಿಸಿ.

ಡೌನ್‌ಲೋಡ್ ಮಾಡಿಕೊಂಡು ಅಲ್ಲಿ ಹೋಟೆಲಿನ್ಯಾಗ ತೋರಿಸಿದ್ರ ನಡೀತದೇನು? — ಬೀದರ್

ಒಂದೊಂದು ಸಿನಿಮಾದ ಹಕ್ಕು ಒಂದೊಂದು ದೇಶಕ್ಕೆ ಬೇರೆ. ಇಲ್ಲಿ ಇಳಿಸಿದ್ದು ಅಲ್ಲಿ ತೆರೆಯದೆ ಇರಬಹುದು. ಕೆಲವು ಒಮ್ಮೆ ಶುರು ಮಾಡಿದರೆ 48 ಗಂಟೆಗೆ ಮಾಯ. ಅಷ್ಟು ದುಡ್ಡು ಕೊಟ್ಟು ಹೋದವರು ಹೋಟೆಲಿನಲ್ಲಿ ಸಿನಿಮಾ ಯಾಕೆ ನೋಡುತ್ತೀರಿ?